ಮುಕ್ತ ತಂತ್ರಾಂಶವೂ ಬಳಕೆದಾರರ ದೂರೂ

ನಮ್ಮ ಮುದ್ರಣಾಲಯದ ಅಕ್ಷರಜೋಡಣೆಗಾರರು ಪರೀಕ್ಷಾಫಲಿತಾಂಶಗಳ ಕಾಲದಲ್ಲಿ ಬಹಳ ಪೇಚಿಗೆ ಸಿಕ್ಕಿದರು. ‘ರ‍್ಯಾಂಕ್’ ಎಂದು ಅಚ್ಚಾಗಬೇಕಾದ ಮಾತು ಗಣಕಯಂತ್ರದಲ್ಲಿ ಅರ್ಕಾವೊತ್ತನ್ನು ಹೊತ್ತುಕೊಂಡು ‘ರ್ಯಾಂಕ್’ ಎಂದೇ ಮೂಡುತ್ತಿದ್ದಿತು. ಅವರು ಬಳಸುತ್ತಿದ್ದುದು ಮುಕ್ತ ತಂತ್ರಾಂಶ. ಅದರ ಮೂಲಸಂಕೇತವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಜೋಡಣೆಗಾರರು ಸಿಟ್ಟಿನಿಂದ, ನಿಮ್ಮ ತಂತ್ರಾಂಶವು ಕೆಲಸಕ್ಕೆ ಬಾರದೆಂದು ಅದರ ಕರ್ತೃಗಳಿಗೆ ಒಂದೇ ವಾಕ್ಯವನ್ನು ಬರೆದು ಕಳುಹಿಸಿದರು. ಉತ್ತರವು ಬರಲಿಲ್ಲ. ಬಾರದಿದ್ದುದು ನಮಗೇನೂ ಆಶ್ಚರ್ಯವೆನಿಸಲಿಲ್ಲ.

ನಾವು ಮತ್ತೊಮ್ಮೆ ಬರೆಯಿಸಿದೆವು. ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದುದು, ಏನು ಬರಬೇಕಾಗಿದ್ದಿತು, ಏನು ಬಂದಿತು, ತಂತ್ರಾಂಶದ ಆವೃತ್ತಿ ಯಾವುದು, ಇಷ್ಟನ್ನೂ ತಿಳಿಸಿದೆವು. ಈ ಸಾರಿ ಉತ್ತರ ಬಂದಿತು. ರಕಾರ, ಹಲಂತ, ಯಕಾರಗಳು ಒಟ್ಟಾಗಿ ಬಂದರೆ ಅರ್ಕಾವೊತ್ತೇ ಮೂಡಬೇಕೆಂಬುದು ಯೂನಿಕೋಡಿನ ನಿಯಮ. ಬೇಡವಾದಲ್ಲಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಕೂಡುಚಿಹ್ನೆಯೊಂದನ್ನು ಇಡತಕ್ಕದ್ದು. ನಿಯಮವನ್ನೇ ತಿರುಗಿಸಿದರೆ ಈ ಮೊದಲು ಬರೆದಿಟ್ಟ ‘ಸೂರ್ಯ’, ‘ಕಾರ್ಯ’ಗಳೆಲ್ಲ ರೂಪಗೆಡುವುವಾದ್ದರಿಂದ ನಿಮ್ಮ ಬೇಡಿಕೆಯನ್ನು ಒಪ್ಪಲಾರೆವು, ಆದರೆ ಆ ಚಿಹ್ನೆಗೆ ಸುಲಭವಾದ ಕೀಲಿಯೊಂದನ್ನು ಕೊಡುವೆವು ಎಂದಿದ್ದರು. ಅರ್ಕಾವೊತ್ತೇ ಬೇಡವೆನ್ನುವ ಪಕ್ಷಕ್ಕೆ ಸೇರಿದ ನಮ್ಮ ಜೋಡಣೆಗಾರರಿಗೆ ಇದು ಪೂರ್ಣ ಸಮಾಧಾನವನ್ನು ತರಲಿಲ್ಲ. ಆದರೂ ಸಿಟ್ಟು ಇಳಿಯಿತು. ಇಲ್ಲವೆಂದವರು ಏತಕ್ಕೆ ಇಲ್ಲವೆಂಬುದನ್ನು ಹೇಳಿದ್ದರಷ್ಟೆ.

ಈ ಕ್ಷೇತ್ರದಲ್ಲಿ ನಿತ್ಯವೂ ಕೇಳಿಬರುವ ಎರಡು ಮಾತುಗಳನ್ನು ನಾವು ಒಪ್ಪಲಾರೆವು. “ಪುಕ್ಕಟೆಯಾಗಿ ಕೊಟ್ಟಿದ್ದೇವೆ, ಬೇಕಾದರೆ ನೀವೇ ತಿದ್ದಿಕೊಳ್ಳಿ” ಎಂಬುದು ಕರ್ತೃಗಳ ಮಾತು. ತಾಲ್ಲೂಕು ಕಛೇರಿಯ ಗುಮಾಸ್ತರಿಗೂ ಶಾಲೆಯ ಉಪಾಧ್ಯಾಯರಿಗೂ ಮೂಲಸಂಕೇತವನ್ನು ತೋರಿಸಿ ತಿದ್ದಿಕೊಳ್ಳಿರೆಂದರೆ ಅದು ಅಪಹಾಸ್ಯವೇ ಹೊರತು ಉತ್ತರವಲ್ಲ. ಎರಡನೆಯದು ಬಳಕೆದಾರರ ದರ್ಪ: ತಾವು ಬಳಸುವುದೇ ದೊಡ್ಡ ಉಪಕಾರವೆಂಬಂತೆ, ಕೇಳಿದ್ದು ನಾಳೆಯೇ ಆಗಬೇಕೆಂಬುದು. ನಮ್ಮ ಸೀಮೆಯ ಕೆರೆಗಳಿಗೆ ನೀರುಗಂಟಿಯಿರುತ್ತಿದ್ದನು. ತೂಬಿನ ಬಳಿಯ ಗದ್ದೆಯವನೂ ಕಟ್ಟಕಡೆಯ ಗದ್ದೆಯವನೂ ಅವನನ್ನೇ ಬೈಯುತ್ತಿದ್ದರು. ಆದರೆ ಸುಗ್ಗಿಯಲ್ಲಿ ಕಣದ ಧಾನ್ಯದಲ್ಲಿ ಅವನಿಗೊಂದು ಪಾಲು ಸಲ್ಲುತ್ತಿದ್ದಿತು. ತಂತ್ರಾಂಶದ ನೀರುಗಂಟಿಗಳಲ್ಲಿ ಅನೇಕರಿಗೆ ಬೈಗುಳ ಮಾತ್ರವೇ ಸಲ್ಲುತ್ತದೆ.

ಲಿನಕ್ಸಿನ ಕರ್ತೃವಾದ ಲಿನಸ್ ಟೋರ್ವಾಲ್ಡ್ಸ್ ಎಂಬವರು 1991ನೆಯ ಆಗಸ್ಟಿನಲ್ಲಿ ತಮ್ಮ ಕೆಲಸವನ್ನು ಲೋಕಕ್ಕೆ ತಿಳಿಸಿದಾಗಲೇ, ಸಲಹೆಗಳನ್ನು ಕೊಡಿರಿ, ಆದರೆ ನಡೆಯಿಸಿಕೊಡುವೆನೆಂದು ಮಾತು ಕೊಡಲಾರೆನೆಂದು ಸ್ಪಷ್ಟಪಡಿಸಿದ್ದರು. ಇದು ನ್ಯಾಯವಾದ ಕರಾರು. ಅದೇ ಮಹಾಶಯರು ಸಹೋದ್ಯೋಗಿಗಳಿಗೆ ಬರೆದ ಕಟುವಾದ ಮಾತುಗಳಿಗಾಗಿ 2018ನೆಯ ಸೆಪ್ಟೆಂಬರಿನಲ್ಲಿ ಕ್ಷಮೆ ಕೇಳಿ ಕೆಲಕಾಲ ಹಿಂದೆ ಸರಿಯಬೇಕಾಯಿತು. ಮಾತೇ ಬೆಳೆದು ಮನೆ ಒಡೆಯುವುದೂ ಉಂಟು. 2010ರಲ್ಲಿ ಓಪನ್‌ಆಫೀಸಿನಿಂದ ಲಿಬ್ರೆಆಫೀಸ್ ಬೇರೆಯಾದುದನ್ನು ಬಲ್ಲವರು ಬಲ್ಲರು. ಬೇರೆಯಾಗುವ ಹಕ್ಕು ಮುಕ್ತ ತಂತ್ರಾಂಶದಲ್ಲಿ ಎಲ್ಲರಿಗೂ ಉಂಟು. ಆದರೆ ಕೈಬೆರಳೆಣಿಕೆಯ ಜನರಿಂದ ನಡೆಯುವ ಕನ್ನಡದ ಕೆಲಸಗಳು ಎರಡು ಹೋಳಾದರೆ ಎರಡೂ ಉಳಿಯುವ ಭರವಸೆ ನಮಗಿಲ್ಲ.

ಇದಕ್ಕಿಂತ ದೊಡ್ಡ ಸಂಕಟವು ಬೇರೆ ಇದೆ. ದೂರು ಬರೆಯತಕ್ಕ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಹೊಳಲ್ಕೆರೆಯ ಒಬ್ಬ ಉಪಾಧ್ಯಾಯರಿಗೆ ಒತ್ತಕ್ಷರ ಒಡೆದು ಕಾಣಿಸಿದರೆ ಅವರು ಯಾರಿಗೂ ದೂರುವುದಿಲ್ಲ. ಸುಮ್ಮನೆ ಇಂಗ್ಲಿಷಿನಲ್ಲಿ ಬರೆಯತೊಡಗುತ್ತಾರೆ. ದೂರಿಲ್ಲವಾದ್ದರಿಂದ ದೋಷವೂ ಇಲ್ಲವೆಂದು ಕರ್ತೃಗಳು ತಿಳಿಯುತ್ತಾರೆ. ಕನ್ನಡವು ಕಛೇರಿಯಿಂದ ಹೊರಬೀಳುವುದು ಹೀಗೆ, ಯಾರೊಬ್ಬರ ದ್ವೇಷವೂ ಇಲ್ಲದೆ. ಸರ್ಕಾರದ ಹಣದಿಂದ ಸಿದ್ಧವಾಗುವ ಕನ್ನಡ ತಂತ್ರಾಂಶಗಳಿಗಾದರೂ ಕನ್ನಡದಲ್ಲಿಯೇ ದೂರಿನ ಪುಸ್ತಕವಿರಬೇಕು. ಅದು ಸರ್ವರಿಗೂ ತೆರೆದಿರಬೇಕು. ನಿರಾಕರಿಸಿದ ಪ್ರತಿಯೊಂದು ಬೇಡಿಕೆಯ ಎದುರಿಗೂ ಕಾರಣವನ್ನು ಬರೆಯಬೇಕು. ಸಂಬಂಧಪಟ್ಟ ಅಧಿಕಾರಿಗಳು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳುವರೆಂದು ನಂಬಿದ್ದೇವೆ.

ಅಲ್ಲಿಯವರೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಾಚಕ ಮಹಾಶಯರು ತಮ್ಮ ದೂರುಗಳನ್ನು ಕನ್ನಡದಲ್ಲಿ ಬರೆದು ನಮ್ಮ ಕಾರ್ಯಾಲಯಕ್ಕೆ ತಲಪಿಸಬಹುದು. ಭಾಷಾಂತರಿಸಿ ಕಳುಹಿಸುವ ಕೆಲಸಕ್ಕೆ ನಮ್ಮ ಜೋಡಣೆಗಾರರು ಒಪ್ಪಿದ್ದಾರೆ. ಒತ್ತಿದ ಕೀಲಿಗಳ ಕ್ರಮವನ್ನು ಬರೆಯಲು ಮರೆಯಬಾರದು, ಬೈಗುಳಗಳನ್ನು ಭಾಷಾಂತರಿಸುವುದಿಲ್ಲ.