ಹಾಲುಹಲ್ಲಿಗೆ ಹುಳುಕು ಎಲ್ಲಿಂದ ಬಂತು?

ಎರಡು ವರ್ಷದ ಮಗುವಿನ ಮುಂದಿನ ಹಲ್ಲು ಕಪ್ಪಾಗಿ ಮೊಂಡಾದರೆ ‘ಹುಳ ಹಿಡಿದಿದೆ’ ಎನ್ನುತ್ತೇವೆ. ಹಿಂದೆಯೇ ಒಂದು ಸಮಾಧಾನವೂ ಬರುತ್ತದೆ: ‘ಹಾಲುಹಲ್ಲು ತಾನೆ, ಹೇಗಿದ್ದರೂ ಬಿದ್ದುಹೋಗುತ್ತೆ.’ ಮೊದಲ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡನೆಯದರಿಂದ ಮಕ್ಕಳು ನೋವು ತಿನ್ನುತ್ತಾರೆ. ಹಿಂದಿನ ದವಡೆಯ ಹಾಲುಹಲ್ಲುಗಳು ಹತ್ತು–ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕು. ಅಗಿಯುವುದಷ್ಟೇ ಅಲ್ಲ, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಕಾಯುವುದೂ ಅವುಗಳ ಕೆಲಸ.

ಹಲ್ಲಿನಲ್ಲಿ ಹುಳ ಇರುವುದಿಲ್ಲ, ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಕುಖ್ಯಾತವಾದದ್ದು ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್. ಹುಳುಕು ಹಲ್ಲುಗಳಿಂದ ಇದನ್ನು ಬೇರ್ಪಡಿಸಿ 1924ರಲ್ಲಿ ಹೆಸರಿಟ್ಟವರು ಬ್ರಿಟನ್ನಿನ ಕ್ಲಾರ್ಕ್. ಸಕ್ಕರೆ ಸಿಕ್ಕರೆ ಸಾಕು, ಅದರಿಂದಲೇ ಅಂಟು ಮಾಡಿಕೊಂಡು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅದರಿಂದಲೇ ಆಮ್ಲವನ್ನೂ ಬಿಡುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗತೊಡಗುತ್ತದೆ. ಹಾಲುಹಲ್ಲಿನ ಎನಾಮಲ್ಲೋ ಮೊದಲೇ ತೆಳು. ಆಮ್ಲವನ್ನು ತಣಿಸಲು ಜೊಲ್ಲಿಗೆ ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ಊಟದ ಜೊತೆ ಒಂದು ಲಾಡು ತಿಂದು ಮುಗಿಸಿದ ಮಗುವಿಗಿಂತ, ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಬಿಸ್ಕತ್ತು ಚೀಪುವ ಮಗುವಿನ ಹಲ್ಲಿಗೆ ಹೆಚ್ಚು ಕುತ್ತು.

ಹಾಗಾದರೆ ಈ ಬ್ಯಾಕ್ಟೀರಿಯಾ ಮಗುವಿನ ಬಾಯಿ ಸೇರಿದ್ದು ಹೇಗೆ? ಸಾಮಾನ್ಯವಾಗಿ ಸಾಕುವವರ ಎಂಜಲಿನಿಂದ, ಹೆಚ್ಚಾಗಿ ತಾಯಿಯದರಿಂದ. ಅಮೆರಿಕದ ಕಾಫೀಲ್ಡ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳು ಇದನ್ನು ಪಡೆದದ್ದು ಬಹುಪಾಲು 19ರಿಂದ 31 ತಿಂಗಳ ನಡುವೆ. ಹಲ್ಲು ಹುಟ್ಟುವ ಮೊದಲೇ ಕೂಸುಗಳ ಬಾಯಲ್ಲಿ ಸಿಕ್ಕಿದ್ದೂ ಉಂಟು ಎಂದು ಆಮೇಲಿನ ಸಂಶೋಧನೆಗಳು ತೋರಿಸಿವೆ. ಎಂಜಲು–ಮುಸುರೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ನಾವು ಮಕ್ಕಳ ಮುಂದೆ ಎಲ್ಲವನ್ನೂ ಮರೆಯುತ್ತೇವೆ. ರಾಗಿ ಸರಿ ಬಿಸಿಯಿದೆಯೇ ಎಂದು ಅಮ್ಮ ಚಮಚ ತನ್ನ ತುಟಿಗಿಟ್ಟು ನೋಡುತ್ತಾಳೆ, ಅದೇ ಚಮಚ ಮಗುವಿನ ಬಾಯಿಗೆ ಹೋಗುತ್ತದೆ. ಗಟ್ಟಿ ತಿಂಡಿಯನ್ನು ಅಜ್ಜಿ ತಾನೇ ಅಗಿದು ಮೆತ್ತಗೆ ಮಾಡಿ ತಿನ್ನಿಸುತ್ತಾರೆ.

ಇದನ್ನು ಓದಿ ಮುತ್ತಿಡಲು ಹೆದರಬೇಕಿಲ್ಲ, ತಾಯಿಯನ್ನು ಕಟಕಟೆಗೆ ಹತ್ತಿಸುವುದೂ ಬೇಡ. ಚಮಚ ಬೇರೆ ಇಟ್ಟರೆ ಒಳ್ಳೆಯದೇ. ಅದಕ್ಕಿಂತ ಮುಖ್ಯವಾದದ್ದು ತಾಯಿಯ ಬಾಯಲ್ಲೇ ಈ ಬ್ಯಾಕ್ಟೀರಿಯಾ ಕಡಿಮೆ ಮಾಡುವುದು. ಬಸುರಿಯರು ಹಲ್ಲಿನ ಡಾಕ್ಟರ ಬಳಿ ಹೋಗಬಾರದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಹುಳುಕು ತೆಗೆದು ತುಂಬಿಸುವಂಥ ಚಿಕಿತ್ಸೆ ಆಗ ಸುರಕ್ಷಿತ, ನಾಲ್ಕರಿಂದ ಆರನೆಯ ತಿಂಗಳು ಅದಕ್ಕೆ ಅನುಕೂಲದ ಕಾಲ.

ಎಷ್ಟೇ ಬ್ಯಾಕ್ಟೀರಿಯಾ ಇರಲಿ, ಸಕ್ಕರೆಯಿಲ್ಲದೆ ಅವುಗಳ ಆಟ ಹೆಚ್ಚು ನಡೆಯದು. ದೊಡ್ಡ ತಪ್ಪಾಗುವುದು ರಾತ್ರಿಯ ಬಾಟಲಿಯಲ್ಲಿ. ಸಕ್ಕರೆ ಹಾಕಿದ ಹಾಲು, ಬಾಯಲ್ಲೇ ಉಳಿದ ನಿಪ್ಪಲ್, ನಿದ್ದೆ ಹೋದ ಮಗು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನವನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಉಳಿಯುತ್ತವೆ. ಅದಕ್ಕೇ ಇಂಥ ಮಕ್ಕಳಿಗೆ ಮೇಲೆ ಕಪ್ಪು ಮೊಳೆ, ಕೆಳಗೆ ಬಿಳಿ ಹಲ್ಲು. ಬಾಟಲಿ ಬೇಕೇ ಬೇಕೆಂದು ಹಟ ಹಿಡಿದರೆ ಬರೀ ನೀರು ಕೊಡಿ.

ಮೊದಲ ಹಲ್ಲು ಕಂಡ ದಿನದಿಂದಲೇ ಬ್ರಷ್. ಫ್ಲೋರೈಡ್ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು, ಮೂರು ವರ್ಷದ ನಂತರ ಬಟಾಣಿಯಷ್ಟು. ಪಾವಗಡದಂತೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆಯವರು ಪೇಸ್ಟಿನ ವಿಷಯ ಡಾಕ್ಟರನ್ನು ಕೇಳಿಕೊಳ್ಳುವುದು ಮೇಲು.

ಹುಳುಕು ಕಪ್ಪಾಗಿ ಶುರುವಾಗುವುದಿಲ್ಲ. ವಸಡಿನ ಅಂಚಿನಲ್ಲಿ, ಸೀಮೆಸುಣ್ಣದಿಂದ ಗೆರೆ ಎಳೆದಂತೆ ಮಂಕು ಬಿಳಿ ಪಟ್ಟಿ ಮೊದಲು ಮೂಡುತ್ತದೆ. ಆ ಹಂತದಲ್ಲಿ ಡ್ರಿಲ್ ಬೇಕಿಲ್ಲ, ಫ್ಲೋರೈಡ್ ಲೇಪ ಮತ್ತು ಸಿಹಿಗೆ ಕಡಿವಾಣದಿಂದ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ನಾಳೆ ಸ್ನಾನ ಮಾಡಿಸಿ ಒರೆಸುವಾಗ ಮಗುವಿನ ಮೇಲ್ತುಟಿ ಸ್ವಲ್ಪ ಎತ್ತಿ, ಬೆಳಕಿಗೆ ಹಿಡಿದು ನೋಡಿ.