ಹಲ್ಲಿನ ಬಣ್ಣ ಬರೀ ಶೋಕಿಯೇ?

"ಹಲ್ಲು ಗಟ್ಟಿಯಾಗಿದ್ದರೆ ಸಾಕು, ಬಣ್ಣ ಕಟ್ಟಿಕೊಂಡು ಏನಾಗಬೇಕು?" ಎಂಬ ಮಾತು ಮನೆಯ ಹಿರಿಯರಿಂದ ಹಿಡಿದು ಕೆಲವು ವೈದ್ಯರವರೆಗೆ ಎಲ್ಲರ ಬಾಯಲ್ಲೂ ಇದೆ. ಎಲೆಅಡಿಕೆ ಜಗಿದು ಹಲ್ಲು ಕೆಡಿಸಿಕೊಂಡವನಿಗೆ ಹಾಗೆ ಹೇಳಿದರೆ ಒಪ್ಪೋಣ. ಎಳೆವಯಸ್ಸಿನಲ್ಲಿ ಜ್ವರಕ್ಕೆ ಕೊಟ್ಟ ಔಷಧಿಯಿಂದ ಹಲ್ಲು ಬೂದುಗಟ್ಟಿ, ಇವತ್ತಿಗೂ ಫೋಟೊ ತೆಗೆಸುವಾಗ ತುಟಿ ಬಿಗಿದುಕೊಳ್ಳುವ ಹೆಂಗಸಿಗೆ ಹೇಳುವುದು ಮಾತ್ರ ಅನ್ಯಾಯ. ಚಿಕಿತ್ಸೆ ಬಿಟ್ಟುಹೋದ ಕಲೆಗೆ ಚಿಕಿತ್ಸೆ ಕೇಳುವ ಹಕ್ಕು ಆಕೆಗಿದೆ.

ಹೀಗೆ ಕಲೆ ಬಿಡುವುದು ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕುಟುಂಬ; ಅದರ ಮೊದಲ ಔಷಧಿ ಬಂದದ್ದು 1948ರಲ್ಲಿ. ಅದನ್ನು ಹೊರತಂದ ಲೆಡರ್ಲಿ ಪ್ರಯೋಗಾಲಯದಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಲೆಕ್ಕವಿಲ್ಲದಷ್ಟು ಜೀವ ಉಳಿಸಿದ ಔಷಧಿ, ಆ ಋಣ ದೊಡ್ಡದು. ಆದರೆ ಕ್ಯಾಲ್ಸಿಯಂ ಸಿಕ್ಕರೆ ಅದು ಬಿಡುವುದಿಲ್ಲ. ಗರ್ಭದ ನಾಲ್ಕನೇ ತಿಂಗಳಿಂದ ಮಗುವಿಗೆ ಎಂಟು ತುಂಬುವವರೆಗೆ ಹಲ್ಲು ಒಳಗೊಳಗೇ ಕಟ್ಟಿಕೊಳ್ಳುತ್ತಿರುತ್ತದೆ. ಆಗ ಈ ಔಷಧಿ ಮೈಗೆ ಸೇರಿದರೆ ಹಲ್ಲಿನ ಹೊರಪದರವಾದ ಎನಾಮಲ್‌ನ ಕೆಳಗಿನ ಡೆಂಟಿನ್‌ನಲ್ಲೇ ಕೂತುಬಿಡುತ್ತದೆ. ಹಲ್ಲು ಹುಟ್ಟುವಾಗ ಹಳದಿ, ಬೆಳಕು ತಾಗುತ್ತ ಹೋದಂತೆ ಕಂದು, ಬೂದು. ಅದಕ್ಕೇ ಮುಂದಿನ ಹಲ್ಲು ಕಪ್ಪಿಟ್ಟರೂ ದವಡೆ ಹಲ್ಲು ಹಳದಿಯಾಗಿಯೇ ಉಳಿದಿರುತ್ತದೆ. ನಿಂಬೆರಸ, ಇದ್ದಿಲಪುಡಿ ತಿಕ್ಕಿ ಇದನ್ನು ತೆಗೆಯುತ್ತೇವೆಂದು ಹೊರಟವರು ತೆಗೆಯುವುದು ಎನಾಮಲ್ ಅನ್ನಷ್ಟೇ.

ಕಿವಿಗೊಡಬೇಕಾದ ಆಕ್ಷೇಪ ಬೇರೆ ಇದೆ. ಹಲ್ಲು ಬಿಳುಪಾಗಿಸಲು ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ತುಂಬಿದ, ಬಾಯಿಯ ಅಳತೆಗೆ ಮಾಡಿಸಿದ ಟ್ರೇ ಹಾಕಿಕೊಂಡು ರಾತ್ರಿ ಮಲಗಬೇಕು. ಮಾಮೂಲಿ ಹಳದಿಗೆ ಕೆಲವು ವಾರ ಸಾಕಾದರೆ ಈ ಕಲೆಗೆ ಆರು ತಿಂಗಳೂ ಹಿಡಿದೀತು. ಅಷ್ಟಾದರೂ ಒಸಡಿನಂಚಿನ ಬೂದುಪಟ್ಟಿ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ಹಾಗಿದ್ದಮೇಲೆ ಹಲ್ಲಿನ ಮೇಲೆ ಪಿಂಗಾಣಿಯ ತೆಳು ಹೊದಿಕೆ, ಅಂದರೆ ವಿನೀರ್ ಅಂಟಿಸಿ ಬೇಗ ಮುಗಿಸಬಾರದೇಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ವಿನೀರ್‌ಗೆ ಸಾಮಾನ್ಯವಾಗಿ ಎನಾಮಲ್ ಕೆತ್ತಬೇಕು, ಕೆತ್ತಿದ್ದು ಮತ್ತೆ ಬೆಳೆಯದು. ತೆಳುವಾಗಿ ಕೆತ್ತಿದರೆ ಪಿಂಗಾಣಿಯ ಹಿಂದಿನಿಂದ ಬೂದುಬಣ್ಣ ಇಣುಕುತ್ತದೆ, ಮರೆಮಾಡಲು ಇನ್ನಷ್ಟು ಕೆತ್ತುತ್ತಾರೆ. ಮುಂದೊಂದು ದಿನ ಅದನ್ನೂ ಬದಲಾಯಿಸಬೇಕು. ಇಪ್ಪತ್ತರ ಹುಡುಗಿಯ ಹುಳುಕಿಲ್ಲದ ಹಲ್ಲನ್ನು ಮೊದಲ ಭೇಟಿಯಲ್ಲೇ ಕೆತ್ತಲು ಹೊರಡುವುದು ಶುದ್ಧ ವ್ಯಾಪಾರ. ಮೊದಲು ಜೆಲ್, ಅದು ಸಾಲದೆಂದು ಖಚಿತವಾದ ಮೇಲೆ ವಿನೀರ್.

ಈ ಕಲೆಯ ಭಯವೂ ಅತಿಗೆ ಹೋಗಿದೆ. ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಮಕ್ಕಳ ಜೀವ ತೆಗೆಯಬಲ್ಲದು, ಅದಕ್ಕೆ ಡಾಕ್ಸಿಸೈಕ್ಲಿನ್ ಒಳ್ಳೆಯ ಮದ್ದು. ಅದು ಟೆಟ್ರಾಸೈಕ್ಲಿನ್ ಕುಟುಂಬದ್ದೇ ಆದರೂ ಕ್ಯಾಲ್ಸಿಯಂಗೆ ಅಷ್ಟಾಗಿ ಅಂಟಿಕೊಳ್ಳದು. 21 ದಿನದವರೆಗೆ ಯಾವ ವಯಸ್ಸಿನ ಮಗುವಿಗೂ ಕೊಡಬಹುದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೇ ಹೇಳಿದೆ. ವೈದ್ಯರು ಅದನ್ನು ಬರೆದುಕೊಟ್ಟಾಗ ಹಲ್ಲಿನ ನೆಪ ಹೇಳಿ ಬೇಡವೆನ್ನಬೇಡಿ.