ಊರಿಗೆ ಮರಳುವ ಥೆರಪಿಸ್ಟ್‌ಗೆ ಸಮುದಾಯವೇನು ನೀಡಲಿದೆ?

ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ತನ್ನ ವರದಿಯನ್ನು ಸಲ್ಲಿಸಿದಾಗ, ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮುಸ್ಲಿಮರು ಎಷ್ಟು ಹಿಂದುಳಿದಿದ್ದಾರೆಂಬುದು ಅಧಿಕೃತವಾಗಿ ದಾಖಲಾಯಿತು. ಅಂದಿನಿಂದ ನಮ್ಮ ಪಟ್ಟಣಗಳಲ್ಲಿ ಬದಲಾವಣೆಯ ಗಾಳಿ ಬೀಸುತ್ತಿದೆ. ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಓದಿಸಬೇಕೆಂಬ ಹಂಬಲವು ಗ್ಯಾರೇಜಿನ ಮೆಕ್ಯಾನಿಕ್‌ನ ಮನೆಯಲ್ಲೂ ಅಕ್ಕಿ ಗಿರಣಿಯ ಹಮಾಲನ ಮನೆಯಲ್ಲೂ ಮೂಡಿದೆ. ಆದರೆ ಈ ಹಂಬಲವು ಎಂ.ಬಿ.ಬಿ.ಎಸ್. ಮತ್ತು ಇಂಜಿನಿಯರಿಂಗ್ ಎಂಬ ಎರಡೇ ಬಾಗಿಲುಗಳ ಮುಂದೆ ನೂಕುನುಗ್ಗಲು ನಡೆಸುತ್ತಿದೆ. ಅವು ತೆರೆಯದಿದ್ದರೆ ಮನೆಯಲ್ಲಿ ಶೋಕ ಆವರಿಸುತ್ತದೆ. ಆರೋಗ್ಯ ಕ್ಷೇತ್ರದಲ್ಲಿ ಜನರಿಗೆ ಹೆಚ್ಚು ಪರಿಚಯವಿಲ್ಲದ ಬೇರೆ ಬಾಗಿಲುಗಳೂ ಇವೆ. ಆಕ್ಯುಪೇಶನಲ್ ಥೆರಪಿ ಅವುಗಳಲ್ಲೊಂದು. ಈ ಪದವಿ ಪಡೆದ ಯುವಕನೋ ಯುವತಿಯೋ ಬೆಂಗಳೂರು ಮತ್ತು ಕೊಲ್ಲಿ ರಾಷ್ಟ್ರಗಳ ಆಕರ್ಷಣೆಯನ್ನು ಬದಿಗಿಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ ಅಥವಾ ಯಲಬುರ್ಗಾದಲ್ಲಿ ವೃತ್ತಿ ಆರಂಭಿಸಲು ಬಂದರೆ, ಅವರನ್ನು ಉಳಿಸಿಕೊಳ್ಳುವ ಸಿದ್ಧತೆ ನಮ್ಮ ಸಮುದಾಯದಲ್ಲಿದೆಯೇ? ಈ ಪ್ರಶ್ನೆಯನ್ನು ನಾವು ಓದುಗರ ಮುಂದಿಡಬಯಸುತ್ತೇವೆ.

ಕನ್ನಡದಲ್ಲಿ ಇದನ್ನು ಔದ್ಯೋಗಿಕ ಚಿಕಿತ್ಸೆ ಎನ್ನುವುದುಂಟು. ಹೆಸರು ಕೇಳಿದವರಲ್ಲಿ ಕೆಲವರು ಇದು ನೌಕರಿ ಕೊಡಿಸುವ ಏರ್ಪಾಡೆಂದು ಭಾವಿಸುತ್ತಾರೆ. ಇನ್ನು ಕೆಲವರು ಫಿಜಿಯೊಥೆರಪಿಯದೇ ಇನ್ನೊಂದು ಹೆಸರೆಂದು ತಿಳಿಯುತ್ತಾರೆ. ಎರಡೂ ಸರಿಯಲ್ಲ. ಇಲ್ಲಿ ಉದ್ಯೋಗವೆಂದರೆ ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಸಕಲ ಕೆಲಸಗಳು: ಹಲ್ಲುಜ್ಜುವುದು, ಬಟ್ಟೆ ಧರಿಸುವುದು, ಉಣ್ಣುವುದು, ರೊಟ್ಟಿ ತಟ್ಟುವುದು, ಶಾಲೆಯಲ್ಲಿ ಬರೆಯುವುದು, ಅಂಗಡಿ ನಡೆಸುವುದು. ರೋಗ, ಅಪಘಾತ ಅಥವಾ ಹುಟ್ಟಿನಿಂದ ಬಂದ ನ್ಯೂನತೆಯಿಂದ ಈ ಕೆಲಸಗಳು ಕೈತಪ್ಪಿದಾಗ ಅವನ್ನು ಮರಳಿ ಸಾಧ್ಯವಾಗಿಸುವುದೇ ಈ ವೃತ್ತಿಯ ಗುರಿ. ಕೈಗೆ ಬಲ ಬರದಿದ್ದರೆ ಕೆಲಸದ ವಿಧಾನವನ್ನು ಬದಲಿಸುವುದು, ಅದೂ ಆಗದಿದ್ದರೆ ಉಪಕರಣವನ್ನು ಅಥವಾ ಮನೆಯನ್ನು ಬದಲಿಸುವುದು ಇದರ ಕ್ರಮ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಪುನರ್ವಸತಿಯಿಂದ ಈ ವೃತ್ತಿಗೆ ಬಲ ಬಂತು. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆ 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು ಅದನ್ನು ಸ್ಥಾಪಿಸಿದರು. ಇಷ್ಟು ಹಳೆಯ ವೃತ್ತಿಯ ಹೆಸರು ನಮ್ಮ ತಾಲೂಕು ಕೇಂದ್ರಗಳಲ್ಲಿ ಇಂದಿಗೂ ಹೊಸದಾಗಿ ಕೇಳಿಸುತ್ತಿದೆ.

ಹಾಗಾದರೆ ಇಲ್ಲಿ ಅದರ ಅಗತ್ಯವಿಲ್ಲವೇ? 2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ. ಅದೇ ಜನಗಣತಿಯಲ್ಲಿ ರಾಜ್ಯದ 13 ಲಕ್ಷಕ್ಕೂ ಹೆಚ್ಚು ಮಂದಿ ಅಂಗವಿಕಲರೆಂದು ದಾಖಲಾಗಿದ್ದಾರೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊತ್ತು ಬೆನ್ನು ಮುರಿದುಕೊಂಡವರು, ಕೊಪ್ಪಳದ ಸುತ್ತಲಿನ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರು, ಕುಷ್ಟಗಿಯ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದವರು, ಯಲಬುರ್ಗಾದ ಒಣಭೂಮಿಯಲ್ಲಿ ಒಕ್ಕುವ ಯಂತ್ರಕ್ಕೆ ಕೈಕೊಟ್ಟವರು ನಮಗೆ ಅಪರಿಚಿತರಲ್ಲ. ರಕ್ತದೊತ್ತಡವನ್ನು ಅಲಕ್ಷಿಸಿ ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರು, ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಕ್ಕಳು ಪ್ರತಿಯೊಂದು ಮೊಹಲ್ಲಾದಲ್ಲಿಯೂ ಇದ್ದಾರೆ. ಆಸ್ಪತ್ರೆ ಜೀವ ಉಳಿಸಿ ಮನೆಗೆ ಕಳುಹಿಸುತ್ತದೆ. ಆನಂತರದ ಬದುಕನ್ನು ಕಲಿಸುವವರು ಯಾರು?

ಉದಾಹರಣೆಗೆ ಬಲಗೈ ಸ್ವಾಧೀನ ಕಳೆದುಕೊಂಡ ಒಬ್ಬ ಹಿರಿಯರನ್ನು ಊಹಿಸಿಕೊಳ್ಳಿ. ಎಡಗೈಯಲ್ಲಿ ಉಣ್ಣಲು ಅವರಿಗೆ ಸಂಕೋಚ. ವುಝೂ ಮಾಡಲಾಗದೆಂದು ನಮಾಝನ್ನೇ ಬಿಟ್ಟು ಕುಗ್ಗಿಹೋಗಿದ್ದಾರೆ. ಮನೆಯವರು ಪ್ರೀತಿಯಿಂದಲೇ ಬಲಹೀನವಾದ ಕೈಯನ್ನು ಹಿಡಿದೆಳೆದು ಎಬ್ಬಿಸುತ್ತಾರೆ. ಆ ಎಳೆತದಿಂದ ಭುಜದ ಕೀಲು ಜಾರಿ ನೋವು ಇಮ್ಮಡಿಸುತ್ತದೆ ಎಂದು ಅವರಿಗೆ ಹೇಳಿದವರಿಲ್ಲ. ತರಬೇತಿ ಪಡೆದ ಥೆರಪಿಸ್ಟ್ ಆ ಮನೆಗೆ ಹೋದರೆ ಮಾಡುವ ಕೆಲಸಗಳು ನೋಡಲು ಅತಿ ಸಣ್ಣವು. ಅಂಗಿ ತೊಡುವಾಗ ಬಲಹೀನವಾದ ಕೈಯನ್ನು ಮೊದಲು ತೂರಿಸಬೇಕು, ಕಳಚುವಾಗ ಅದನ್ನು ಕೊನೆಗೆ ತೆಗೆಯಬೇಕು ಎಂದು ಕಲಿಸುತ್ತಾರೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪಗೊಳಿಸಿದರೆ ದುರ್ಬಲ ಬೆರಳುಗಳಿಗೂ ಹಿಡಿತ ಸಿಗುತ್ತದೆ. ತಟ್ಟೆಯ ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ. ಶೌಚಾಲಯದ ಗೋಡೆಗೊಂದು ಕಬ್ಬಿಣದ ಹಿಡಿ, ತಿರುಗಿಸುವ ನಲ್ಲಿಯ ಬದಲು ಮೊಣಕೈಯಿಂದ ತಳ್ಳಬಹುದಾದ ನಲ್ಲಿ, ನಮಾಝಿಗೆ ಸರಿಯಾದ ಎತ್ತರದ ಕುರ್ಚಿ. ಕೆಲವು ವಾರಗಳ ಅಭ್ಯಾಸದಿಂದ ಆ ಹಿರಿಯರು ತಮ್ಮ ಮಾನವನ್ನು ತಾವೇ ಕಾಪಾಡಿಕೊಳ್ಳಬಲ್ಲರು. ಅವರ ಆರೈಕೆಗಾಗಿ ಶಾಲೆ ಬಿಟ್ಟ ಮೊಮ್ಮಗಳು ಮತ್ತೆ ಶಾಲೆಗೆ ಹೋಗಬಲ್ಲಳು.

ನಿಲ್ಲಲಾಗದವನು ಕುಳಿತು, ಕುಳಿತುಕೊಳ್ಳಲಾಗದವನು ಮಗ್ಗುಲಾಗಿ ಮಲಗಿ ನಮಾಝ್ ಮಾಡಲಿ ಎಂದು ಪ್ರವಾದಿ(ಸ) ಅವರು ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ತಿಳಿಸಿದರು. ಆರಾಧನೆಯನ್ನು ಕೈಬಿಡಲು ಅವರು ಹೇಳಲಿಲ್ಲ, ವಿಧಾನವನ್ನು ಶಕ್ತಿಗೆ ತಕ್ಕಂತೆ ಹೊಂದಿಸಿದರು. ಅಂಧರಾಗಿದ್ದ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ) ಅವರನ್ನು ಮದೀನಾದಲ್ಲಿ ಮುಅದ್ಸಿನ್ ಆಗಿ ನೇಮಿಸಲಾಗಿತ್ತು. ಅಬೂದಾವೂದ್‌ನಲ್ಲಿ ವರದಿಯಾಗಿರುವ ಇನ್ನೊಂದು ಘಟನೆಯಂತೂ ನಮ್ಮ ಇಂದಿನ ಚರ್ಚೆಗೆ ಬುನಾದಿಯಾಗುವಂಥದ್ದು. ಭಿಕ್ಷೆ ಬೇಡಿ ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿ(ಸ) ಅವರು ಎರಡು ದಿರ್ಹಮ್‌ಗಳಿಗೆ ಹರಾಜು ಹಾಕಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ ತರಿಸಿ, ಅದಕ್ಕೆ ತಮ್ಮ ಕೈಯಾರೆ ಹಿಡಿ ಹಾಕಿಕೊಟ್ಟು, ಕಟ್ಟಿಗೆ ಕಡಿದು ಮಾರಲು ಕಳುಹಿಸಿದರು. ಹದಿನೈದು ದಿನಗಳ ಬಳಿಕ ಆತ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು. ದಾನ ಕೊಟ್ಟು ಕಳುಹಿಸುವುದು ಸುಲಭವಾಗಿತ್ತು. ಆದರೆ ಪ್ರವಾದಿ(ಸ) ಅವರು ಆರಿಸಿಕೊಂಡದ್ದು ದುಡಿಯುವ ಕೈಗೆ ಹಿಡಿ ಒದಗಿಸುವ ಮಾರ್ಗವನ್ನು.

ಈ ಮಾದರಿಗೂ ನಮ್ಮ ಮೊಹಲ್ಲಾಗಳ ವಾಸ್ತವಕ್ಕೂ ಎಷ್ಟು ಅಂತರ! ಅಂಗವಿಕಲ ಮಗುವನ್ನು ಅತಿಥಿಗಳ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಇಡುವವರಿದ್ದಾರೆ. ಅಕ್ಕನ ಮದುವೆಗೆ ಅಡ್ಡಿಯಾದೀತೆಂಬ ಭಯ ಅವರಿಗೆ. ತಾಯತ, ಮಂತ್ರಿಸಿದ ನೀರು, ಜಿನ್ನ್ ಬಿಡಿಸುವವರೆಂದು ಸಾವಿರಾರು ರೂಪಾಯಿ ವ್ಯಯಿಸುವವರು ಎರಡು ವರ್ಷ ಕಳೆದ ಮೇಲೆ ವೈದ್ಯರ ಬಳಿಗೆ ಬರುತ್ತಾರೆ. ಮಿದುಳು ವೇಗವಾಗಿ ಬೆಳೆಯುವ ಆ ಮೊದಲ ವರ್ಷಗಳೇ ತರಬೇತಿಗೆ ಅತ್ಯಮೂಲ್ಯವಾದವು. ಕಳೆದ ಆ ಕಾಲವನ್ನು ಯಾವ ತಾಯತವೂ ಮರಳಿಸದು. ಇದನ್ನು ತಕ್ದೀರ್ ಎಂದು ಸಮಾಧಾನಪಟ್ಟುಕೊಳ್ಳುವುದು ಧರ್ಮದ ತಪ್ಪು ಗ್ರಹಿಕೆ. ಚಿಕಿತ್ಸೆ ಪಡೆಯಿರೆಂಬುದು ಪ್ರವಾದಿ(ಸ) ಅವರ ಬೋಧನೆ.

ಸರಕಾರದ ಕಡೆಯಿಂದಲೂ ಉತ್ತರ ಬೇಕಾಗಿದೆ. 1995ರ ಕಾಯಿದೆಯು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಅದನ್ನು 21ಕ್ಕೆ ವಿಸ್ತರಿಸಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಪಾರ್ಕಿನ್ಸನ್ ಮುಂತಾದವನ್ನು ಹೆಸರಿಸಿತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯಿದೆಯು ಆಕ್ಯುಪೇಶನಲ್ ಥೆರಪಿಗೆ ಕಾನೂನಿನ ಮಾನ್ಯತೆ ಮತ್ತು ನೋಂದಣಿಯ ವ್ಯವಸ್ಥೆ ಕಲ್ಪಿಸಿತು. ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವೂ ಇದೆ. ಆದರೆ ಕಾಯಿದೆ ಮನೆಬಾಗಿಲಿಗೆ ನಡೆದು ಬರುವುದಿಲ್ಲ. ಚುನಾವಣೆ ಸಮೀಪಿಸಿದಾಗ ತ್ರಿಚಕ್ರ ವಾಹನ ವಿತರಿಸಿ ಛಾಯಾಚಿತ್ರ ತೆಗೆಸಿಕೊಳ್ಳುವ ಜನಪ್ರತಿನಿಧಿಗಳು, ಆ ವಾಹನ ಫಲಾನುಭವಿಯ ಮೈಗೆ ಹೊಂದುತ್ತದೆಯೇ, ಅವನ ಓಣಿಯಲ್ಲಿ ತಿರುಗುತ್ತದೆಯೇ ಎಂದು ಎಂದಾದರೂ ವಿಚಾರಿಸಿದ್ದಾರೆಯೇ? ತಾಲೂಕು ಆಸ್ಪತ್ರೆಗಳಲ್ಲಿ ಈ ವೃತ್ತಿಯವರಿಗೆ ಹುದ್ದೆ ಸೃಷ್ಟಿಸಬೇಕೆಂಬ ಬೇಡಿಕೆ ನಮ್ಮ ಸಂಘಟನೆಗಳ ಮನವಿಪತ್ರಗಳಲ್ಲಿ ಸೇರಬೇಕು.

ಹೊಸದಾಗಿ ವೃತ್ತಿಗಿಳಿಯುವ ಯುವಜನರಿಗೂ ನಾವು ಕೆಲವು ಮಾತು ಹೇಳಬಯಸುತ್ತೇವೆ. ಪದವಿ ಮುಗಿದೊಡನೆ ಸಾಲ ಮಾಡಿ ಹವಾನಿಯಂತ್ರಿತ ಕ್ಲಿನಿಕ್ ತೆರೆಯುವ ಅವಸರ ಬೇಡ. ಮೊದಲು ಅನುಭವಿ ಹಿರಿಯರಿರುವ ಆಸ್ಪತ್ರೆಯಲ್ಲಿ ಒಂದೆರಡು ವರ್ಷ ಕೈಪಳಗಿಸಿಕೊಳ್ಳಿ. ಊರಿಗೆ ಬಂದ ಮೇಲೂ ಅವರ ಸಲಹೆ ಪಡೆಯುವ ಸಂಬಂಧವನ್ನು ಉಳಿಸಿಕೊಳ್ಳಿ. ತಾಲೂಕಿನಲ್ಲಿ ಏಕಾಂಗಿಯಾಗಿ ದುಡಿಯುವವರಿಗೆ ಕೇಳಿ ತಿಳಿಯಲು ಒಬ್ಬರಾದರೂ ಇರಬೇಕು. ಕೊಪ್ಪಳವನ್ನು ನೆಲೆಯಾಗಿಸಿ ಉಳಿದ ಮೂರು ಪಟ್ಟಣಗಳಿಗೆ ವಾರಕ್ಕೊಮ್ಮೆ ಹೋಗುವುದಾದರೆ ಸಂತೆಯ ದಿನವನ್ನೇ ಆರಿಸಿಕೊಳ್ಳಿ. ಹಳ್ಳಿಯ ತಾಯಂದಿರು ಪ್ರತ್ಯೇಕ ಬಸ್ ಖರ್ಚು ಮಾಡದೆ ಮಗುವನ್ನು ಕರೆತರಬಲ್ಲರು. ಗ್ರಾಮ ಪಂಚಾಯತ್ ಮಟ್ಟದಲ್ಲಿ ದುಡಿಯುವ ಪುನರ್ವಸತಿ ಕಾರ್ಯಕರ್ತರು ಮತ್ತು ಆಶಾ ಕಾರ್ಯಕರ್ತೆಯರನ್ನು ಪರಿಚಯಿಸಿಕೊಳ್ಳಿ. ಯಾವ ಮನೆಯಲ್ಲಿ ಯಾರಿದ್ದಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ದುಬಾರಿ ಉಪಕರಣಗಳು ಇಲ್ಲವೆಂದು ಎದೆಗುಂದಬೇಕಾಗಿಲ್ಲ. ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಆಟಿಕೆ ಕೆತ್ತುವ ಜಿಲ್ಲೆ ನಮ್ಮದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಅಳತೆಗೆ ಕುರ್ಚಿ ಮಾಡಿಕೊಡುವ ಬಡಗಿ, ಗೋಡೆಗೆ ಹಿಡಿ ಬೆಸೆಯುವ ವೆಲ್ಡರ್ ಪ್ರತಿಯೊಂದು ಪಟ್ಟಣದಲ್ಲಿದ್ದಾರೆ. ಅಳತೆ ಮತ್ತು ಕಾರಣವನ್ನು ವಿವರಿಸುವವರು ಬೇಕು, ಅಷ್ಟೆ. ಪೂರ್ಣ ಗುಣಪಡಿಸುವೆನೆಂಬ ಭರವಸೆಯನ್ನು ಎಂದಿಗೂ ಕೊಡಬೇಡಿ. ಮೂರು ತಿಂಗಳಲ್ಲಿ ಮಗು ತಾನೇ ಲೋಟ ಹಿಡಿಯಬೇಕೆಂಬಂಥ ಸಣ್ಣ ಗುರಿಯನ್ನು ಮನೆಯವರೊಂದಿಗೆ ಕುಳಿತು ನಿರ್ಧರಿಸಿ, ಬರೆದಿಟ್ಟು, ಸಾಧಿಸಿ ತೋರಿಸಿ. ಔಷಧಿಗೆ ನೂರು ರೂಪಾಯಿ ಕೊಡಲು ಹಿಂಜರಿಯದವರು, ಬರೀ ಆಟವಾಡಿಸಿದ್ದಕ್ಕೆ ಶುಲ್ಕವೇ ಎಂದು ಕೇಳಬಹುದು. ಸಿಟ್ಟಾಗಬೇಡಿ. ಆ ಆಟದಿಂದ ಯಾವ ಬೆರಳು ಏನು ಕಲಿಯಿತೆಂದು ತಾಯಿಗೆ ಅರ್ಥವಾದ ದಿನ ನಿಮ್ಮ ವೃತ್ತಿಗೆ ಪ್ರಚಾರದ ಅಗತ್ಯವಿರದು. ನಿಮ್ಮ ಬಾಗಿಲು ಎಲ್ಲ ಜಾತಿ ಧರ್ಮದವರಿಗೂ ತೆರೆದಿರಲಿ. ಪರಸ್ಪರ ಅಪನಂಬಿಕೆ ಬಿತ್ತುವವರಿರುವ ಈ ಕಾಲದಲ್ಲಿ, ನೆರೆಯವನ ಮಗುವನ್ನು ನಡೆಸಿದ ಕೈ ನೂರು ಸೌಹಾರ್ದ ಸಭೆಗಳಿಗಿಂತ ಹೆಚ್ಚು ಮಾತಾಡುತ್ತದೆ.

ಈ ವೃತ್ತಿಯಲ್ಲಿ ಹೆಣ್ಣುಮಕ್ಕಳ ಅಗತ್ಯವಂತೂ ವಿಶೇಷವಾದದ್ದು. ಸ್ನಾನ, ಶೌಚ, ಉಡುಪುಗಳ ವಿಷಯದಲ್ಲಿ ತರಬೇತಿ ಬೇಕಾದ ಮಹಿಳೆಯು ಪರಪುರುಷನ ಮುಂದೆ ತನ್ನ ಕಷ್ಟ ಹೇಳಿಕೊಳ್ಳಲಾರಳು, ಮೌನವಾಗಿ ನರಳುತ್ತಾಳೆ. ಮಗಳನ್ನು ಕಷ್ಟಪಟ್ಟು ಓದಿಸಿದ ಹೆತ್ತವರೂ ಮದುವೆಯಾದೊಡನೆ ಅವಳ ಪದವಿಪತ್ರವನ್ನು ಕಪಾಟಿನಲ್ಲಿಡುವುದಾದರೆ ಆ ಮೌನಕ್ಕೆ ಅವರೂ ಪಾಲುದಾರರು. ವರನ ಕಡೆಯವರು ವರದಕ್ಷಿಣೆಯ ಬದಲು ಈ ವಿದ್ಯೆಯನ್ನು ಗೌರವಿಸಲಿ, ಅವಳು ಮನೆ ಭೇಟಿಗೆ ಹೋಗಲು ಅನುಕೂಲ ಮಾಡಿಕೊಡಲಿ.

ಇನ್ನು ಜಮಾಅತ್‌ಗಳು ಮಾಡಬೇಕಾದುದೇನು? ಹೊಸ ಥೆರಪಿಸ್ಟ್ ಊರಲ್ಲಿ ಉಳಿಯುತ್ತಾರೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮೊದಲ ಎರಡು ಮೂರು ವರ್ಷಗಳು. ಆ ಅವಧಿಯಲ್ಲಿ ರೋಗಿಗಳಿಗೆ ಕೊಡಲು ಹಣವಿರುವುದಿಲ್ಲ, ಥೆರಪಿಸ್ಟ್‌ಗೆ ಬಾಡಿಗೆ ಕಟ್ಟಲಾಗುವುದಿಲ್ಲ. ಮಸೀದಿ ಅಥವಾ ಅಂಜುಮನ್‌ಗೆ ಸೇರಿದ ಮಳಿಗೆಗಳಲ್ಲಿ ಒಂದನ್ನು ನಿಯಮಬದ್ಧವಾಗಿ ಕಡಿಮೆ ಬಾಡಿಗೆಗೆ ಕೊಡಲು ಸಾಧ್ಯವಿಲ್ಲವೇ? ಝಕಾತ್‌ನ ಹಣವನ್ನು ಅರ್ಹ ಬಡ ರೋಗಿಯ ಕೈಗೇ ಒಪ್ಪಿಸಿ, ಅವನು ಅದರಿಂದ ಶುಲ್ಕ ಪಾವತಿಸಿದರೆ ಝಕಾತ್ ಅರ್ಹನಿಗೆ ಸಂದಂತಾಯಿತು, ಚಿಕಿತ್ಸೆಯೂ ನಡೆಯಿತು. ಉಪಕರಣ ಮತ್ತು ಪ್ರಯಾಣದ ವೆಚ್ಚವನ್ನು ಸದಕಾದಿಂದ ಭರಿಸಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯು 1 ಲಕ್ಷ ರೂಪಾಯಿವರೆಗಿನ ರಕ್ಷಣೆ ನೀಡುತ್ತದೆ. ಥೆರಪಿಯ ವೆಚ್ಚವೂ ಅದರಲ್ಲಿ ಸೇರಿದೆ. ಅಂತಹ ಅರ್ಜಿಗಳನ್ನು ಮತ್ತು ಅಂಗವಿಕಲರ ಗುರುತಿನ ಚೀಟಿಯ ಅರ್ಜಿಗಳನ್ನು ತುಂಬಿಸಲು ಮೊಹಲ್ಲಾದ ಕಾಲೇಜು ವಿದ್ಯಾರ್ಥಿಗಳು ಶುಕ್ರವಾರ ಒಂದು ಗಂಟೆ ಮೀಸಲಿಟ್ಟರೂ ಸಾಕು. ಇಮಾಮರು ವರ್ಷಕ್ಕೊಂದು ಖುತ್ಬಾವನ್ನು ಅಂಗವಿಕಲರ ಹಕ್ಕುಗಳಿಗೆ ಮುಡಿಪಾಗಿಡಲಿ. ಮಸೀದಿಯ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ ನಿರ್ಮಿಸಿ ಆ ಖುತ್ಬಾವನ್ನು ಸಾರ್ಥಕಗೊಳಿಸಲಿ.

ರಮಝಾನಿನಲ್ಲಿ ಮಸೀದಿಯ ಬಾಗಿಲಲ್ಲಿ ಕೈಚಾಚಿ ಕುಳಿತವರ ಸಾಲನ್ನು ನಾವೆಲ್ಲ ಪ್ರತಿವರ್ಷ ನೋಡುತ್ತೇವೆ. ನಾಣ್ಯ ಹಾಕಿ ಮುಂದೆ ಸಾಗಿದರೆ ಮುಂದಿನ ವರ್ಷವೂ ಆ ಸಾಲು ಅಲ್ಲೇ ಇರುತ್ತದೆ. ಆ ಸಾಲಿನಿಂದ ಒಬ್ಬರನ್ನಾದರೂ ಎಬ್ಬಿಸಿ ಹೊಲಿಗೆ ಯಂತ್ರದ ಮುಂದೆ, ಕಿರಾಣಿ ಅಂಗಡಿಯ ಗಲ್ಲದ ಮೇಲೆ ಕೂರಿಸಬಲ್ಲ ವಿದ್ಯೆಯನ್ನು ಕಲಿತ ಮಕ್ಕಳು ನಮ್ಮಲ್ಲಿದ್ದರೆ, ಅವರನ್ನು ಹೊರದೇಶಕ್ಕೆ ಬೀಳ್ಕೊಡುವುದು ಜಾಣತನವೇ? ಕೊಡಲಿಗೆ ಹಿಡಿ ಹಾಕಿಕೊಟ್ಟ ಪ್ರವಾದಿಯ(ಸ) ಅನುಯಾಯಿಗಳು ಈ ಪ್ರಶ್ನೆಯನ್ನು ಬರುವ ರಮಝಾನಿಗೆ ಮುನ್ನವೇ ತಮ್ಮ ಜಮಾಅತ್ ಸಭೆಯಲ್ಲಿ ಚರ್ಚಿಸಿ ತೀರ್ಮಾನಕ್ಕೆ ಬರಲಿ.